ಸ್ಟೂಡೆಂಟ್ ಫಿಲ್ಮಿಗೆ ಜೈಲು ಡ್ರೆಸ್: ಪಟ್ಟೆ ಬಿಟ್ಟು ಕೋರಾ ಬಟ್ಟೆ ಹಿಡಿದ ಕಥೆ

ಜೈಲು ಸೀನು ಅಂದ ತಕ್ಷಣ ನಮ್ಮ ಹುಡುಗ್ರಿಗೆಲ್ಲ ಕಪ್ಪು-ಬಿಳಿ ಪಟ್ಟೆನೇ ಬೇಕು, ಇಲ್ಲಾಂದ್ರೆ ಇಂಗ್ಲಿಷ್ ಸೀರೀಸ್ ನೋಡಿ ನೋಡಿ ಆರೆಂಜ್ ಜಂಪ್‌ಸೂಟು. ಈ ಸಲ ಒಂದು ಕಾಲೇಜು ಟೀಮಿನ ಶಾರ್ಟ್ ಫಿಲ್ಮಿಗೆ ಕಾಸ್ಟ್ಯೂಮ್ ಜವಾಬ್ದಾರಿ ನಂಗೆ ಬಂತು, ಎರಡೂ ಬೇಡ, ಒರಟು ಬಿಳಿ ಬಟ್ಟೆ ತಂದು ಹೊಲಿಸ್ತೀನಿ ಅಂದೆ. ಡೈರೆಕ್ಟರ್ರು, ಕ್ಯಾಮೆರಾದವ್ನು, ಪ್ರೊಡಕ್ಷನ್ ಹುಡುಗಿ ಎಲ್ರದ್ದೂ ಒಂದೇ ರಾಗ, "ಅಕ್ಕಾ, ವಾರ್ಡ್‌ಬಾಯ್ ಥರ ಕಾಣ್ತಾರೆ". ಸ್ಕ್ರೀನಿಂಗ್ ಆದ್ಮೇಲೆ ಬಂದವ್ರು ಮೊದ್ಲು ಕೇಳಿದ್ದೇ ಈ ಡ್ರೆಸ್ ಎಲ್ಲಿ ಸಿಕ್ತು ಅಂತ, ಅದಕ್ಕೇ ಬರೀತಿದೀನಿ.

ನಮ್ಮ ಕರ್ನಾಟಕದ ಜೈಲಲ್ಲಿ ಸಜಾ ಬಂದಿಗಳಿಗೆ, ಅಂದ್ರೆ ಶಿಕ್ಷೆ ಆದವ್ರಿಗೆ, ಬಿಳಿ ಬಟ್ಟೆ. ಕೇಸ್ ಇನ್ನೂ ನಡೀತಿರೋ ವಿಚಾರಣಾಧೀನ ಕೈದಿ ಸ್ವಂತ ಬಟ್ಟೆ ಹಾಕ್ಕೋಬಹುದು, 1894ರ ಪ್ರಿಸನ್ಸ್ ಆಕ್ಟ್ ಕಾಲದಿಂದ್ಲೂ ಹಾಗೇ ಇದೆ. ಇದನ್ನ ಹಿಡ್ಕೊಂಡ್ರೆ ಅರ್ಧ ಕೆಲಸ ಮುಗೀತು. ನಮ್ಮ ಕಥೇಲಿ ಹೀರೋ ಮೊದಲರ್ಧ ವಿಚಾರಣಾಧೀನ, ಆಮೇಲೆ ಶಿಕ್ಷೆ ಆಗುತ್ತೆ. ಮೊದಲರ್ಧ ಅವನ ಮನೆ ಚೆಕ್ಸ್ ಶರ್ಟೇ ಇಟ್ಟೆ, ತೀರ್ಪು ಬಂದ್ಮೇಲೆ ಬಿಳಿ. ಕೋರ್ಟ್ ಸೀನೇ ಬೇಕಾಗ್ಲಿಲ್ಲ, ಶಿಕ್ಷೆ ಆಯ್ತು ಅಂತ ಹೇಳೋ ಉದ್ದ ಡೈಲಾಗು ಡೈರೆಕ್ಟರೇ ಹೊಡೆದು ಹಾಕಿದ. ಹಿಂದೆ ಕೂರೋ ಜನಕ್ಕೂ ಅವರವರ ಲುಂಗಿ, ಹಳೇ ಟೀ ಶರ್ಟು, ಅಲ್ಲಿ ಒಂದು ರೂಪಾಯಿ ಖರ್ಚಿಲ್ಲ. ಹಾಗಾಗಿ ಹೊಲಿಸಬೇಕಾಗಿದ್ದು ಏಳೆಂಟು ಸೆಟ್ ಅಷ್ಟೆ, ಹೀರೋಗೆ ಮಾತ್ರ ಡಬಲ್, ಒದ್ದೆ ಆಗೋ ಸೀನಿತ್ತು.

ಬಾಡಿಗೆ ಅಂಗಡೀಲೂ ವಿಚಾರಿಸಿದ್ದೆ. ಸೆಟ್ಟಿಗೆ ದಿನಕ್ಕೆ ಮುನ್ನೂರೋ ಮುನ್ನೂರೈವತ್ತೋ ಹೇಳಿದ್ರು, ಮೇಲೆ ಡೆಪಾಸಿಟ್ಟು, ಬಟ್ಟೆ ನೋಡಿದ್ರೆ ಸ್ಕೂಲ್ ಡೇ ಪಾಲಿಯೆಸ್ಟರ್ ಪಟ್ಟೆ, ಲೈಟ್ ಬಿದ್ರೆ ಮಿಣಮಿಣ. ಆನ್‌ಲೈನಲ್ಲಿ ತರಿಸಿದ್ದು ಏಳ್ನೂರು ಚಿಲ್ಲರೆ ತಿಂದು ಮೂಲೇಲಿ ಬಿದ್ದಿದೆ. ಖಾದಿ ನೋಡೋಕೆ ಚೆನ್ನಾಗಿದೆ, ಆದ್ರೆ ಅಕ್ಟೋಬರ್ ರಿಬೇಟ್ ಟೈಮಲ್ಲಿ ಬಿಟ್ರೆ ಸ್ಟೂಡೆಂಟ್ ಬಜೆಟ್ಟಿಗೆ ಎಟುಕಲ್ಲ, ಹೀರೋ ಒಂದು ಸೆಟ್ಟಿಗೆ ಮಾತ್ರ ತಗೊಂಡೆ. ಮಿಕ್ಕಿದ್ದೆಲ್ಲ ಚಿಕ್ಕಪೇಟೆ ಸಂದೀಲಿ ಸಿಕ್ಕಿದ ಕೋರಾ ಬಟ್ಟೆ, ಅಂದ್ರೆ ಬ್ಲೀಚ್ ಮಾಡದ ಹತ್ತಿ ಬಟ್ಟೆ, ಮೀಟರಿಗೆ ಅರವತ್ತರ ಆಸುಪಾಸು, ಥಾನ್ ತಗೋತೀನಿ ಅಂದಾಗ ಇನ್ನೂ ಸ್ವಲ್ಪ ಇಳಿಸಿದ್ರು. ಕೋರಾನ ತಂದ ಹಾಗೇ ಹೊಲಿಸ್ಬೇಡಿ, ಅದ್ರಲ್ಲಿ ಗಂಜಿ ಇರುತ್ತೆ, ಬಣ್ಣ ಹಿಡಿಯಲ್ಲ, ಆಮೇಲೆ ಮೀಟರಿಗೆ ಎರಡ್ಮೂರು ಇಂಚು ಬೇರೆ ಕುಗ್ಗುತ್ತೆ. ರಾತ್ರಿಯೆಲ್ಲ ನೆನೆಸಿ ಒಗೆದು ಒಣಗಿಸಿ ಆಮೇಲೆ ಕತ್ತರಿ.

ಇನ್ನು ಕ್ಯಾಮೆರಾ ತಲೆನೋವು. ಅಚ್ಚ ಬಿಳಿ ಹಾಕಿ ಟೆಸ್ಟ್ ಶೂಟ್ ಮಾಡಿದ್ವಿ, ಮುಖಕ್ಕೆ ಎಕ್ಸ್‌ಪೋಷರ್ ಇಟ್ರೆ ಶರ್ಟ್ ಪೂರ್ತಿ ಬರ್ನ್ ಆಗಿ ಬರೀ ಬೆಳಕು, ಶರ್ಟಿಗೆ ಇಟ್ರೆ ನಮ್ಮ ಹೀರೋ ಮುಖ ಕಾಣ್ಸಲ್ಲ, ಅವನು ಒಳ್ಳೆ ಕಪ್ಪು ಹುಡುಗ, ಆ ಮುಖಕ್ಕೋಸ್ಕರನೇ ತಗೊಂಡಿದ್ದು. ಮಿಲ್ ಬಿಳಿಗಂತೂ ಕಾರ್ಖಾನೇಲೇ ಬೆಳ್ಳಗೆ ಕಾಣೋ ಕೆಮಿಕಲ್ ಹಾಕಿರ್ತಾರೆ, ಬಿಸಿಲಲ್ಲಿ ನೀಲಿ ಹೊಡೆಯುತ್ತೆ. ಕ್ಯಾಮೆರಾದವ್ನು "ನೋಡಿದ್ರಾ ಅಕ್ಕಾ, ಪಟ್ಟೆನೇ ಸರಿ" ಅಂತ ಕೂತ. ನಾನು ಬಿಡ್ಲಿಲ್ಲ. ಕಣ್ಣಿಗೆ ಬಿಳಿ ಅನ್ನಿಸ್ಬೇಕು, ಕ್ಯಾಮೆರಾ ಸ್ಕ್ರೀನಲ್ಲಿ ಝೀಬ್ರಾ, ಅಂದ್ರೆ ಬೆಳಕು ಜಾಸ್ತಿ ಆದ ಕಡೆ ಕಾಣೋ ಗೆರೆ, ಬರ್ಬಾರ್ದು, ಅಷ್ಟಕ್ಕೆ ಬಟ್ಟೇನ ಟೀಲಿ ಅದ್ದಿದ್ರೆ ಸಾಕು. ಹತ್ತು ಲೀಟರ್ ನೀರಿಗೆ ನೂರು ನೂರೈವತ್ತು ಗ್ರಾಂ ಡಸ್ಟ್ ಟೀ, ಚೆನ್ನಾಗಿ ಕುದಿಸಿ ಸೋಸಿ, ಚೂರು ಪಟಿಕ ಹಾಕಿ, ಬಟ್ಟೆ ಒದ್ದೆ ಮಾಡ್ಕೊಂಡೇ ಇಳಿಸಿ, ಇಲ್ಲಾಂದ್ರೆ ಮಚ್ಚೆ ಮಚ್ಚೆ. ಕಾಲು ಗಂಟೆ ಆಡಿಸ್ತಾನೇ ಇರಿ. ಒದ್ದೇಲಿ ಕಂಡಿದ್ದಕ್ಕಿಂತ ಒಣಗಿದ್ಮೇಲೆ ಬಣ್ಣ ತಿಳಿ ಆಗುತ್ತೆ, ಹೆದರ್ಬೇಡಿ.

ಈ ಸಂದಡೀಲೇ ಒಂದಷ್ಟು ಆಟನೂ ಆಡಿದೆ. ಮನೆ ಫಿಲ್ಟರ್ ಕಾಫಿ ಚರಟ ಕುದಿಸಿ ನೋಡ್ದೆ, ಚಿಕೋರಿ ವಾಸನೆ ಹೋಗೋದೇ ಇಲ್ಲ, ಕ್ಲೋಸಪ್ಪಲ್ಲಿ ಆರ್ಟಿಸ್ಟಿಗೆ ತಲೆನೋವು. ಅರಿಶಿನ ಹಾಕಿ ಅಂತ ಯಾರೋ ಅಂದ್ರು, ತುಂಡಿನ ಮೇಲೆ ಮಾಡಿದ್ರೆ ಸೋಪು ತಾಗಿದ ಕಡೆಯೆಲ್ಲ ಓಕುಳಿ ಥರ ಕೆಂಪು. ಅಳಲೆಕಾಯಿ ಪುಡಿ ಚೆನ್ನಾಗಿ ಬಂತು ಆದ್ರೆ ಹಳದಿ ಜಾಸ್ತಿ. ಮಸ್ತ್ ಆಗಿದ್ದು ಅಂದ್ರೆ ಕಬ್ಬಿಣದ ಬಾಂಡ್ಲೀಲಿ ಟೀ ಕುದಿಸಿದ್ದು, ಕಬ್ಬಿಣ ಸೇರಿ ಕಂದು ಹೋಗಿ ಬೂದಿ ಬಣ್ಣ ಬಂತು. ಜೈಲಲ್ಲೇ ವರ್ಷಗಟ್ಲೆ ಕಳೆದ ಮುದುಕನ ಪಾತ್ರಕ್ಕೆ ಅದನ್ನೇ ಹಾಕಿಸಿದೆ. ಈ ತುಂಡುಗಳನ್ನೆಲ್ಲ ಎತ್ಕೊಂಡು ಮಧ್ಯಾಹ್ನದ ಬಿಸಿಲಲ್ಲಿ ಫ್ರೀಡಂ ಪಾರ್ಕಿಗೆ ಹೋದೆ, ಎಮರ್ಜೆನ್ಸಿಲಿ ವಾಜಪೇಯಿ, ಅಡ್ವಾಣಿ ಇದ್ದ ಹಳೇ ಸೆಂಟ್ರಲ್ ಜೈಲೇ ಅಲ್ವಾ, ಬ್ಯಾರಕ್ ಗೋಡೆಗೆ ಒಂದೊಂದೇ ಹಿಡಿದು ಫೋನಲ್ಲಿ ಫೋಟೋ. ಗೋಡೆ ಮುಂದೆ ಯಾವುದು ಬಿಳಿ ಅನ್ನಿಸ್ತೋ ಅದೇ ಫೈನಲ್. ಶೂಟ್ ಆಗಿದ್ದು ಕಾಮಾಕ್ಷಿಪಾಳ್ಯದ ಖಾಲಿ ಗೋಡೌನಲ್ಲಿ, ಅಲ್ಲಿನ ಗೋಡೆನೂ ಆ ಬ್ಯಾರಕ್ ಗೋಡೆ ಬಣ್ಣಕ್ಕೆ ತಂದ್ವಿ.

ಹೊಲಿಗೆಗೆ ಶಿವಾಜಿನಗರದ ಟೈಲರ್ ಒಬ್ರನ್ನ ಹಿಡಿದೆ. ಜೈಲೊಳಗೇ ನೇಯ್ಗೆ, ಟೈಲರಿಂಗ್ ಘಟಕ ಇರ್ತವೆ, ಕೈದಿಗಳೇ ಹೊಲಿಯೋದು, ಅಂದ್ಮೇಲೆ ಫಿಟ್ಟಿಂಗ್ ಇರೋಕೆ ಹೇಗೆ ಸಾಧ್ಯ. ಅಳತೆ ಕೊಡ್ಲೇ ಇಲ್ಲ ನಾನು, ಎಲ್ಲಾ 40, 42 ಎರಡೇ ಸೈಜು, ಅರ್ಧ ತೋಳು, ಪೈಜಾಮಕ್ಕೆ ಲಾಡಿ, ಓವರ್‌ಲಾಕ್ ಬೇಡ ಅಂದೆ. ಆ ಮನುಷ್ಯ ನೊಂದ್ಕೊಂಡು "ಮೇಡಂ, ನನ್ ಹೆಸ್ರು ಹೇಳ್ಬೇಡಿ" ಅಂದ್ರು. ಆದ್ರೆ ಸಣಕಲು ಹೀರೋ ಆ 42ರೊಳಗೆ ನಿಂತಾಗ ಭುಜ ಇಳಿದು ಕುತ್ತಿಗೆ ಹೊರಗೆ ಬಂತು ನೋಡಿ, ಸೆಟ್ಟಲ್ಲಿ ಎಲ್ರೂ ಸುಮ್ನಾದ್ರು. ಆಕ್ಟಿಂಗ್ ಅರ್ಧ ಅಲ್ಲೇ ಆಗೋಯ್ತು.

ಶರ್ಟಿನ ಕೈದಿ ನಂಬರಿಗೆ ಫ್ಯಾಬ್ರಿಕ್ ಪೇಂಟ್ ಬೇಡ, ಉಬ್ಬಿಕೊಂಡು ಹೊಳೆಯುತ್ತೆ. ಹಳೇ ಎಕ್ಸ್‌ರೇ ಶೀಟಲ್ಲಿ ಸ್ಟೆನ್ಸಿಲ್ ಕೊರೆದು, ಸ್ಕ್ರೀನ್ ಪ್ರಿಂಟಿಂಗ್ ಇಂಕು, ಸ್ಪಂಜನ್ನ ಪೇಪರ್ ಮೇಲೆ ಒತ್ತಿ ಒಣಗಿಸ್ಕೊಂಡು ತಟ್ಟಿದ್ದು. ಮುದುಕ ಯಾವಾಗ್ಲೋ ಒಳಗೆ ಬಂದವ್ನು, ಅದಕ್ಕೇ ಚಿಕ್ಕ ನಂಬರ್, ಅರ್ಧ ಅಳಿಸಿದ್ದು. ಹೀರೋದು ದೊಡ್ಡದು, ಹೊಸದು. ಯಾರೂ ಗಮನಿಸಲ್ಲ ಅಂದ್ರು, ಸ್ಕ್ರೀನಿಂಗಲ್ಲಿ ಇಬ್ರು ಅದನ್ನೇ ಹೇಳಿದ್ರು.

ಮೊಣಕಾಲು, ಕಾಲರ್ ತುದಿ ಎಮರಿ ಪೇಪರಲ್ಲಿ ಉಜ್ಜಿ, ಒಗೆಯೋ ಕಲ್ಲಿಗೆ ಬಡಿದ್ರೆ ಹಳೇದಾಗುತ್ತೆ, ಇದೆಲ್ಲ ನಿಮ್ಗೆ ಗೊತ್ತಿರೋದೇ. ಕಂಕುಳದ ಬೆವರಿನ ಕಲೆಗೆ ಏನ್ ಹಾಕ್ದೆ ಅನ್ನೋದು ಮಾತ್ರ ಹೇಳಲ್ಲ, ಅಡುಗೆಮನೇಲೇ ಇರೋ ಸಾಮಾನು, ಎರಡು ಸಲ ಒಗೆದ್ರೂ ಹೋಗಲ್ಲ.

ಎಲ್ಲಾ ಸೇರಿ ಬಟ್ಟೆಗೆ ಎರಡೂವರೆ ಸಾವಿರ, ಹೊಲಿಗೆಗೆ ನಾಲ್ಕು ಸಾವಿರದ ಹತ್ರ, ಟೀ, ಇಂಕು, ಆಟೋ ಅಂತ ಇನ್ನೊಂದು ಸಾವಿರ. ನಾಲ್ಕೈದು ದಿನದ ಶೂಟಿಗೆ ಬಾಡಿಗೆ ತಂದಿದ್ರೆ ಇದಕ್ಕಿಂತ ಜಾಸ್ತಿನೇ ಆಗ್ತಿತ್ತು, ಬಟ್ಟೆನೂ ನಮ್ದಾಗ್ತಿರ್ಲಿಲ್ಲ. ಈಗ ಬೇರೆ ಟೀಮಿನವ್ರು ಕೇಳ್ತಿದಾರೆ, ಸೆಟ್ಟಿಗೆ ದಿನಕ್ಕೆ ನೂರೈವತ್ತರ ಹಾಗೆ ಕೊಡ್ತಿದೀನಿ. ಕಂಡೀಷನ್ ಒಂದೇ, ಒಗೆದು ವಾಪಸ್ ಕೊಡೋ ಹಾಗಿಲ್ಲ, ಸರ್ಫ್ ಹಾಕಿ ಉಜಾಲಾದಲ್ಲಿ ಅದ್ದಿದ್ರೆ ನನ್ನ ಬಣ್ಣವೆಲ್ಲ ಮೋರಿ ಪಾಲು.