ಎಕ್ಸ್‌ರೇ ಇಲ್ಲದೆ ಸೊಂಟದ ಬಾಗು ಅಳೆಯುವುದು ಹೇಗೆ?

ಶಂಕರಪುರದ ನನ್ನ ಚಿಕ್ಕಮ್ಮ ಬೆಳಿಗ್ಗೆ ಬಾಳೆನಾರು ಹಿಡಿದು ಮಲ್ಲಿಗೆ ಕಟ್ಟಲು ಕುಳಿತರೆ, ಹೂ ಕಟ್ಟೆಗೆ ಹೋಗುವ ಹೊತ್ತಿನವರೆಗೂ ಏಳುವುದಿಲ್ಲ. ಒಂದು ಚೆಂಡಿಗೆ 800 ಹೂ, ಅಟ್ಟೆಗೆ ನಾಲ್ಕು ಚೆಂಡು. ಲೆಕ್ಕ ಹಾಕಿ. ಕಳೆದ ತಿಂಗಳು ಹೋದಾಗ, "ನೀನು ದಿನಾ ಬೇರೆಯವರ ಸೊಂಟ ನೋಡ್ತೀ ಅಲ್ವಾ, ನಂದು ಎಷ್ಟು ಬಗ್ಗಿದೆ ಅಂತ ಒಮ್ಮೆ ಅಳೆದು ಹೇಳು ಮಾರಾಯ್ತಿ. ಎಕ್ಸ್‌ರೇ ಎಲ್ಲ ಎಂತಕ್ಕೆ?" ಅಂದರು. ಫಿಸಿಯೋಥೆರಪಿ ನನ್ನ ಕೆಲಸ. ಅವತ್ತು ಹತ್ತಿರ ಇದ್ದದ್ದು ಟೈಲರ್ ಟೇಪು, ಬಾಲ್‌ಪೆನ್ನು, ಮೊಬೈಲು. ಅಷ್ಟೇ ಸಾಕು.

ಸೊಂಟದ ಹತ್ತಿರ ಬೆನ್ನು ಒಳಕ್ಕೆ ಬಾಗಿರುವುದು ರೋಗವಲ್ಲ, ಎಲ್ಲರಿಗೂ ಇರುವುದೇ. ಲಾರ್ಡೋಸಿಸ್ ಅನ್ನುತ್ತೇವೆ. ಎಕ್ಸ್‌ರೇಯಲ್ಲಿ ಗೆರೆ ಎಳೆದು ಕಾಬ್ ವಿಧಾನದಲ್ಲಿ ಅಳೆದರೆ ಹೆಚ್ಚಿನವರಿಗೆ 40ರಿಂದ 60 ಡಿಗ್ರಿ ಸಿಗುತ್ತದೆ. ನಾವು ಅಳೆಯುವುದು ಚರ್ಮದ ಮೇಲಿನ ಬಾಗು. ಅದೂ ಇದೂ ಒಂದೇ ಅಲ್ಲ, ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ಹೆದರಬೇಡಿ.

ಒಂದು ಮಾತು ಮೊದಲೇ ಹೇಳುತ್ತೇನೆ. ಬಿದ್ದು ಪೆಟ್ಟಾಗಿದ್ದರೆ, ಕಾಲಿನ ಬಲ ಕಮ್ಮಿಯಾಗುತ್ತಿದ್ದರೆ, ತೊಡೆಸಂದಿಯಲ್ಲಿ ಜೋಮು ಇದ್ದರೆ, ಮೂತ್ರ ಹತೋಟಿ ತಪ್ಪಿದರೆ, ಬೆನ್ನುನೋವಿನ ಜೊತೆ ಜ್ವರ ಬಂದರೆ ಅಳೆಯುತ್ತಾ ಕೂರಬಾರದು. ಸೀದಾ ಆಸ್ಪತ್ರೆಗೆ ಹೋಗಬೇಕು.

ಈಗ ಕೆಲಸ. ಜಾಸ್ತಿ ತಪ್ಪಾಗುವುದು ಗುರುತು ಹಾಕುವಲ್ಲಿ, ಅಲ್ಲಿ ಅವಸರ ಬೇಡ. ಅಳೆಸಿಕೊಳ್ಳುವವರು ಬರಿಗಾಲಲ್ಲಿ, ಪಾದ ಸ್ವಲ್ಪ ಅಗಲಿಸಿ, ಎದುರಿಗೆ ನೋಡುತ್ತಾ ಸುಮ್ನೆ ನಿಲ್ಲಲಿ. ಸೊಂಟದ ಕೆಳಗೆ ಎಡಕ್ಕೊಂದು ಬಲಕ್ಕೊಂದು ಸಣ್ಣ ಗುಳಿ ಇರುತ್ತದೆ. ಎರಡನ್ನೂ ಸೇರಿಸುವ ಗೆರೆಯ ನಡುವೆ ಒಂದು ಚುಕ್ಕೆ ಇಡಿ. ಅದು ಹೆಚ್ಚುಕಮ್ಮಿ ಸೇಕ್ರಮ್ಮಿನ, ಅಂದರೆ ಬೆನ್ನುಮೂಳೆಯ ಬುಡದ ತ್ರಿಕೋನದಂಥ ಭಾಗದ, ಎರಡನೇ ಮೂಳೆಯ ಮಟ್ಟ. ಆಮೇಲೆ ಎರಡೂ ಅಂಗೈಯನ್ನು ಪಕ್ಕೆಯಿಂದ ಕೆಳಕ್ಕೆ ಜಾರಿಸಿ. ಸೊಂಟದ ಮೂಳೆಯ ಅಂಚು ಕೈಗೆ ತಾಗುತ್ತದೆ. ಅಲ್ಲಿಂದ ಹೆಬ್ಬೆರಳನ್ನು ನೇರ ಒಳಕ್ಕೆ ತಂದರೆ ಸಿಗುವುದು ಸುಮಾರಾಗಿ ಬೆನ್ನುಮೂಳೆಯ ಸೊಂಟದ ಭಾಗದ ನಾಲ್ಕನೇ ಗಂಟು. ಮೇಲಕ್ಕೆ ಒಂದೊಂದೇ ಗಂಟು ಎಣಿಸಿ: ಮೂರು, ಎರಡು, ಒಂದು. ಒಂದನೇ ಗಂಟಿನ ಮೇಲಂಚಿಗೆ ಇನ್ನೊಂದು ಚುಕ್ಕೆ. ಮೈ ತುಂಬಿದವರಲ್ಲಿ ಗಂಟು ಸುಲಭಕ್ಕೆ ಸಿಗುವುದಿಲ್ಲ. ಸ್ವಲ್ಪ ಮುಂದಕ್ಕೆ ಬಗ್ಗಿಸಿ ಎಣಿಸಿ, ಮತ್ತೆ ನಿಲ್ಲಿಸಿ ಚುಕ್ಕೆ ಇಡಿ.

ಮೊಬೈಲಿನಲ್ಲಿ ಇಳಿಜಾರು ತೋರಿಸುವ ಲೆವೆಲ್ ಆ್ಯಪ್ ತೆರೆಯಿರಿ. ಫೋನಿನ ಬೆನ್ನು ಇಡಬೇಡಿ, ಕ್ಯಾಮೆರಾ ಉಬ್ಬು ಅಡ್ಡ ಬರುತ್ತದೆ. ಗಿಡ್ಡ ಅಂಚನ್ನು ಬೆನ್ನುಮೂಳೆಯ ಉದ್ದಕ್ಕೆ ಒತ್ತಬೇಕು, ಪರದೆ ಪಕ್ಕಕ್ಕೆ ಮುಖ ಮಾಡಿರಬೇಕು. ಮೊದಲು ಬಾಗಿಲ ದಾರಂದಕ್ಕೆ ಅದೇ ಅಂಚು ಒತ್ತಿ ಸೊನ್ನೆ ಬರುತ್ತದಾ ನೋಡಿ. ಆಮೇಲೆ ಎರಡೂ ಚುಕ್ಕೆಯ ಮೇಲೆ ಇಟ್ಟು ಓದಿ. ಮೇಲಿನ ಜಾಗ ಹಿಂದಕ್ಕೆ ವಾಲಿರುತ್ತದೆ, ಕೆಳಗಿನದು ಮುಂದಕ್ಕೆ. ದಿಕ್ಕು ಬೇರೆ ಬೇರೆಯಾದ್ದರಿಂದ ಎರಡನ್ನೂ ಕೂಡಿಸಬೇಕು. ಚಿಕ್ಕಮ್ಮನಿಗೆ ಮೇಲೆ 14, ಕೆಳಗೆ 28 ಬಂತು. ನನಗೆ ಅನುಮಾನ. ನೋಡಿದರೆ ಫೋನಿನ ಅಡಿಯಲ್ಲಿ ಒಳಲಂಗದ ಲಾಡಿ! ಸರಿಸಿ ಇಟ್ಟಾಗ ಕೆಳಗೆ 21. ಒಟ್ಟು 35 ಡಿಗ್ರಿ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ.

ಇಷ್ಟು ನಿಂತ ಬಾಗು. ಎಷ್ಟು ಬಗ್ಗುತ್ತದೆ ಅನ್ನುವುದು ಬೇರೆ ಲೆಕ್ಕ. ಕೈ ನೆಲಕ್ಕೆ ತಾಗಿದರೆ ಸೊಂಟ ಚೆನ್ನಾಗಿದೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅರ್ಧ ಕೆಲಸ ತೊಡೆಯ ಕೀಲು ಮಾಡಿರುತ್ತದೆ. ಮಂಡಿ ಮಡಿಸದೆ ಮುಂದೆ ಬಗ್ಗಿಸಿ ಎರಡೂ ಕಡೆ ಮತ್ತೆ ಓದಿ. ಚಿಕ್ಕಮ್ಮನ ಮೇಲಿನ ಚುಕ್ಕೆ ಹಿಂದಿನ 14ರಿಂದ ಮುಂದಿನ 76ಕ್ಕೆ ಬಂತು, ಅಂದರೆ ಒಟ್ಟು 90. ಕೆಳಗಿನದು 21ರಿಂದ 65, ಅಂದರೆ 44. ಈ 44 ತೊಡೆಯ ಕೀಲಿನದು. ಕಳೆದರೆ ಸೊಂಟದ ಪಾಲು 46. ಸಾಮಾನ್ಯವಾಗಿ 60ರ ಆಸುಪಾಸು ಅನ್ನುತ್ತಾರೆ, ವಯಸ್ಸಾದಂತೆ ಇಳಿಯುತ್ತದೆ.

ಫೋನು ಬೇಡ ಅಂದರೆ ಟೇಪಿನ ಶೋಬರ್ ಪರೀಕ್ಷೆ ಉಂಟು. ಡಿಗ್ರಿ ಸಿಗುವುದಿಲ್ಲ, ಬಗ್ಗುವಿಕೆ ಮಾತ್ರ ತಿಳಿಯುತ್ತದೆ. ಗುಳಿಗಳ ಗೆರೆಯಿಂದ 10 ಸೆಂ.ಮೀ. ಮೇಲೆ, 5 ಸೆಂ.ಮೀ. ಕೆಳಗೆ ಗುರುತು ಹಾಕಿ. ಪೂರ್ತಿ ಬಗ್ಗಿದಾಗ ಆ 15 ಸೆಂ.ಮೀ. ಕನಿಷ್ಠ 20 ಆಗಬೇಕು. ಕಮ್ಮಿಯಾದರೆ, ಅದರಲ್ಲೂ ಚಿಕ್ಕ ವಯಸ್ಸಿನವರಿಗೆ ಬೆಳಿಗ್ಗೆ ಬೆನ್ನು ಬಿಗಿದುಕೊಳ್ಳುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಎಂಜಿನಿಯರಿಂಗ್ ಮಕ್ಕಳು ಡ್ರಾಯಿಂಗಿಗೆ ಬಳಸುವ, ಬಗ್ಗಿಸಿದಂತೆ ನಿಲ್ಲುವ ಫ್ಲೆಕ್ಸಿಬಲ್ ಕರ್ವ್ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಬೆನ್ನಿಗೆ ಒತ್ತಿ, ಆಕಾರ ಕೆಡದಂತೆ ಕಾಗದಕ್ಕಿಟ್ಟು ಗೆರೆ ಎಳೆಯಿರಿ. ಎರಡು ಚುಕ್ಕೆಯ ನಡುವಿನ ನೇರ ದೂರ 16 ಸೆಂ.ಮೀ., ಬಾಗಿನ ಆಳ 1.6 ಸೆಂ.ಮೀ. ಅಂದುಕೊಳ್ಳಿ. ಆಳದ ಎರಡರಷ್ಟನ್ನು ದೂರದಿಂದ ಭಾಗಿಸಿ: 0.2. ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ಅದರ ಟ್ಯಾನ್ ಇನ್ವರ್ಸ್ ಒತ್ತಿ, ನಾಲ್ಕರಿಂದ ಗುಣಿಸಿದರೆ ಸುಮಾರು 45 ಡಿಗ್ರಿ. ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದ್ದರೆ ಉತ್ತರ ಒಂದಕ್ಕಿಂತ ಕಮ್ಮಿ ಬಂದೀತು, ಡಿಗ್ರಿಗೆ ಬದಲಿಸಿಕೊಳ್ಳಿ.

ಮತ್ತೆ ಅಳೆಯುವಾಗ ಹೊತ್ತು ಬದಲಿಸಬೇಡಿ. ರಾತ್ರಿ ಮಲಗಿದಾಗ ಬೆನ್ನಿನ ಡಿಸ್ಕುಗಳು ನೀರು ಹೀರಿ ಉಬ್ಬುತ್ತವೆ, ಎದ್ದ ಕೂಡಲೇ ಸೊಂಟ ಅಷ್ಟು ಬಗ್ಗುವುದಿಲ್ಲ. ಎರಡು ಮೂರು ಡಿಗ್ರಿಯ ಹೆಚ್ಚುಕಮ್ಮಿ ಕೈಯ ತಪ್ಪೇ ಇರಬಹುದು, ತಲೆಕೆಡಿಸಿಕೊಳ್ಳಬೇಡಿ. ಚಿಕ್ಕಮ್ಮ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ "35, 46, ಸಂಜೆ 5" ಎಂದು ಬರೆದಿಟ್ಟಿದ್ದಾರೆ. ಲಾಡಿ ವಿಷಯ ಮಾತ್ರ ಬರೆಯಲಿಲ್ಲ.