ಒಲೆ ಹೊತ್ತಿಸುವ ಮುನ್ನ ಒಂದು ಅಧ್ಯಾಯ: ಪ್ರಾರ್ಥನೆಯ ರೂಢಿ ಬೆಳೆಸಿಕೊಳ್ಳುವುದು ಹೇಗೆ?

ಹೊಸ ವರ್ಷದ ಆರಾಧನೆ ಮುಗಿಸಿ ಮನೆಗೆ ಬಂದವರಲ್ಲಿ ಅನೇಕರು ಅಂದೇ ಆದಿಕಾಂಡದ ಮೊದಲನೆಯ ಅಧ್ಯಾಯವನ್ನು ತೆರೆದು, ಈ ವರ್ಷ ಸತ್ಯವೇದವನ್ನು (ಬೈಬಲನ್ನು) ಪೂರ್ತಿ ಓದಿಯೇ ತೀರುವೆನೆಂದು ಸಂಕಲ್ಪ ಮಾಡುತ್ತಾರೆ. ಲೆಕ್ಕವೇನೋ ಸರಳವಾಗಿದೆ. ಪ್ರೊಟೆಸ್ಟೆಂಟ್ ಸಭೆಗಳು ಬಳಸುವ ಸತ್ಯವೇದದ 66 ಪುಸ್ತಕಗಳಲ್ಲಿ 1,189 ಅಧ್ಯಾಯಗಳಿದ್ದು, ದಿನಕ್ಕೆ ಮೂರೋ ನಾಲ್ಕೋ ಓದಿದರೆ ವರ್ಷದೊಳಗೆ ಮುಗಿಯುತ್ತದೆ. ಆದರೆ ಈ ವೇಗದಲ್ಲಿ ಹೊರಟವರು ಜನವರಿಯ ಕೊನೆಗೆ ಯಾಜಕಕಾಂಡದ ಬಲಿವಿಧಿಗಳ ಮುಂದೆ ಬಂದು ನಿಲ್ಲುತ್ತಾರೆ. ಅದೇ ಹೊತ್ತಿಗೆ ಹೊಲದಲ್ಲಿ ಕಡಲೆಯ ಒಕ್ಕಣೆಯೂ ಬಂದಿರುತ್ತದೆ. ಪುಸ್ತಕ ಮರಳಿ ಕಪಾಟು ಸೇರುತ್ತದೆ. ತಮ್ಮ ಭಕ್ತಿಯೇ ಕಡಿಮೆಯಾಯಿತೆಂದು ಅವರು ಮರುಗುತ್ತಾರೆ, ಆದರೆ ನನಗೆ ಕಾಣುವಂತೆ ಅಲ್ಲಿ ತಪ್ಪಿದ್ದು ಅಳತೆ ಮಾತ್ರ.

ಮೊದಲ ಹೆಜ್ಜೆ: ಗಳಿಗೆಯನ್ನು ಗೊತ್ತುಮಾಡುವುದು

ಬೆಳಗಿನ ಐದು ಗಂಟೆಗೆ ಏಳುವೆನೆಂಬ ಶಪಥದಿಂದ ಆರಂಭಿಸುವುದು ಉತ್ತರ ಕರ್ನಾಟಕದ ನಮ್ಮ ಭಾಗದ ಎಲ್ಲರಿಗೂ ಒಗ್ಗುವುದಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವರಿಗೆ ಬೆಳಗಿನ ಐದು ಗಂಟೆ ಒಂದು ವಾರ ನಿದ್ರೆಯ ಹೊತ್ತಾದರೆ ಇನ್ನೊಂದು ವಾರ ದುಡಿಮೆಯ ಹೊತ್ತಾಗಿರುತ್ತದೆ. ಆದ್ದರಿಂದ ಪ್ರಾರ್ಥನೆಯನ್ನು ದಿನವೂ ತಪ್ಪದೆ ನಡೆಯುವ ಯಾವುದಾದರೂ ಒಂದು ಕೆಲಸಕ್ಕೆ ಕಟ್ಟಿಹಾಕಬೇಕು. ರೊಟ್ಟಿ ಬಡಿಯಲು ಒಲೆ ಹೊತ್ತಿಸುವ ಮುನ್ನ, ಮಗ್ಗಕ್ಕೆ ಇಳಿದು ಲಾಳಿ ಕೈಗೆ ತೆಗೆದುಕೊಳ್ಳುವ ಮುನ್ನ, ಪಾಳಿ ಮುಗಿಸಿ ಬಂದು ಕೈಕಾಲು ತೊಳೆದ ಮೇಲೆ, ಹೀಗೆ ಅವರವರ ಬದುಕಿಗೆ ಹೊಂದುವ ಒಂದು ಗುರುತು ಸಾಕು. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಅಡವಿಯ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರೆಂದು ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿದೆ. ದಾನಿಯೇಲನಾದರೋ ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದನು. ಇಬ್ಬರ ವೇಳೆಯೂ ಒಂದೇ ಅಲ್ಲ.

ಎರಡನೆಯ ಹೆಜ್ಜೆ: ಓದಿನ ಅಳತೆ

ಹೊಸದಾಗಿ ಆರಂಭಿಸುವವರು ಮಾರ್ಕನ ಸುವಾರ್ತೆಯನ್ನು ಕೈಗೆತ್ತಿಕೊಳ್ಳುವುದು ಒಳ್ಳೆಯದು. ಅದರಲ್ಲಿ 16 ಅಧ್ಯಾಯಗಳಷ್ಟೇ ಇವೆ. ಆಮೇಲೆ ತಿಂಗಳ ತಾರೀಖಿಗೆ ಸರಿಯಾಗಿ ಜ್ಞಾನೋಕ್ತಿಗಳ 31 ಅಧ್ಯಾಯಗಳನ್ನು ಓದಬಹುದು. ಅದು ಮುಗಿದ ಬಳಿಕ ದಿನಕ್ಕೊಂದರಂತೆ 150 ಕೀರ್ತನೆಗಳಿಗೆ ಹೋದರೆ ಐದು ತಿಂಗಳು ಸಾಗುತ್ತದೆ. ಆದರೆ 119ನೆಯ ಕೀರ್ತನೆಯಲ್ಲಿ 176 ವಚನಗಳಿರುವುದರಿಂದ ಅದನ್ನು ಒಂದು ವಾರಕ್ಕೆ ಹಂಚಿಕೊಳ್ಳುವುದು ಜಾಣತನ. ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳುವುದಾದರೆ ಓದು ಬಾರದ ಹಿರಿಯರೂ ಅದರಲ್ಲಿ ಸೇರುತ್ತಾರೆ. ಗುಳೇದಗುಡ್ಡದಲ್ಲಿ 1851ರಲ್ಲಿ ನೆಲೆಯೂರಿದ, ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನು ಮನೆಯೊಳಗಿನ ಓದು ಮತ್ತು ಪ್ರಾರ್ಥನೆಗಳಿಗೆ ಬಹಳ ಬೆಲೆ ಕೊಟ್ಟ ಪಯಟಿಸ್ಟ್ ಎಂಬ ಪ್ರೊಟೆಸ್ಟೆಂಟ್ ಭಕ್ತಿಪರಂಪರೆಯಿಂದ ಬಂದುದಾಗಿತ್ತು. ಸಂಜೆಯ ಕುಟುಂಬ ಪ್ರಾರ್ಥನೆಯನ್ನು ಮತ್ತೆ ಹಚ್ಚಿಕೊಳ್ಳುವ ಮನೆಗಳು ಹೊಸದೇನನ್ನೂ ತಂದಂತಾಗುವುದಿಲ್ಲ.

ಮೂರನೆಯ ಹೆಜ್ಜೆ: ಬಾಯಿಗೆ ಬಂದ ಭಾಷೆಯಲ್ಲಿ ಮಾತಾಡುವುದು

ಇದನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕಾಗಿದೆ, ಏಕೆಂದರೆ ಅನೇಕರು ಎಡವುವುದು ಇಲ್ಲಿಯೇ. ಸಭೆಯಲ್ಲಿ ಎದ್ದು ನಿಂತು ಪ್ರಾರ್ಥಿಸುವ ಹಿರಿಯರ ಗ್ರಂಥಸ್ಥ ಕನ್ನಡವನ್ನು ಕೇಳಿ ಕೇಳಿ, ದೇವರೊಡನೆ ಮಾತಾಡಲು ಬೇರೆಯದೇ ಒಂದು ಕನ್ನಡ ಬೇಕೆಂಬ ಭಾವನೆ ಬೆಳೆದುಬಿಟ್ಟಿದೆ; ಆ ಕನ್ನಡ ಬಾರದವರು ಮನೆಯಲ್ಲಿಯೂ ಮೌನವಾಗುತ್ತಾರೆ. ಶಿಲುಬೆಗೆ ಏರುವ ಮುನ್ನಿನ ಗೆತ್ಸೇಮನೆಯ ಇರುಳಿನಲ್ಲಿ ಯೇಸು ತಂದೆಯನ್ನು ‘ಅಬ್ಬಾ’ ಎಂದು ಕರೆದರು, ಅದು ಅರಮಾಯಿಕ್ ಭಾಷೆಯ ಮನೆಮಾತು. ಹಾಗಿರುವಾಗ ಬಾಗಲಕೋಟೆಯ ತಾಯಿಯೊಬ್ಬಳು ‘ಯಪ್ಪಾ, ಇವತ್ತ ಕೂಸಿಗೆ ಆರಾಮಿಲ್ಲ, ನೀನ ನೋಡ್ಕೋ’ ಎಂದರೆ ಅದರಲ್ಲಿ ಅಪಚಾರವೇನೂ ಇಲ್ಲ. ಬೆಳಗಾವಿಯ ಮನೆಗಳಲ್ಲಿ ಕನ್ನಡ, ಮರಾಠಿ, ಕೊಂಕಣಿ ಬೆರೆತ ಮಾತೇ ಬಾಯಿಗೆ ಬರುವುದಾದರೆ ಹಾಗೆಯೇ ಬರಲಿ. ಮಾತೇ ತೋಚದ ದಿನ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬ ಪ್ರಾರ್ಥನೆಯನ್ನು ನಿಧಾನವಾಗಿ, ಸಾಲುಸಾಲಿಗೆ ನಿಂತು ಹೇಳಬಹುದು, ಕಥೋಲಿಕರಿಗೆ ಜಪಸರವಿದೆ.

ರಾತ್ರಿ ಮಲಗುವ ಮುನ್ನ ಐದು ನಿಮಿಷ ದಿನವನ್ನು ಹಿಂದಿರುಗಿ ನೋಡುವುದೂ ಇದರೊಡನೆ ಸೇರಬೇಕು. ಯೇಸುಸಭೆಯ ಸ್ಥಾಪಕರಾದ ಲೊಯೋಲದ ಸಂತ ಇಗ್ನೇಷಿಯಸರು (1491-1556) ಕಲಿಸಿದ ಕ್ರಮ ಇದಕ್ಕೆ ಚೆನ್ನಾಗಿ ಒದಗುತ್ತದೆ: ಮೊದಲು ಕೃತಜ್ಞತೆ, ಬಳಿಕ ಬೆಳಕಿಗಾಗಿ ಬೇಡಿಕೆ, ದಿನದ ಅವಲೋಕನ, ತಪ್ಪಿಗೆ ಕ್ಷಮೆ, ಕೊನೆಗೆ ನಾಳೆಯ ತಿದ್ದುವಿಕೆ.

ಚಾಟ್ನಿಯ ಲೆಕ್ಕ

ವಿಜಯಪುರ, ಅಥಣಿ, ಜಮಖಂಡಿ ಕಡೆಯ ದ್ರಾಕ್ಷಿ ಬೆಳೆಗಾರರು ವರ್ಷಕ್ಕೆ ಎರಡು ಸಲ ಬಳ್ಳಿಗೆ ಚಾಟ್ನಿ ಮಾಡುತ್ತಾರೆ, ಅಂದರೆ ಕಡ್ಡಿಗಳನ್ನು ಕತ್ತರಿಸುತ್ತಾರೆ. ಏಪ್ರಿಲ್ ಸುಮಾರಿನ ಚಾಟ್ನಿಯಿಂದ ಹಣ್ಣು ಸಿಗುವುದಿಲ್ಲ. ಅಂದು ಕಡಿದ ಮೇಲೆ ಚಿಗುರಿದ ಕಡ್ಡಿಗಳಲ್ಲಿ ಬೇಸಿಗೆಯ ಬಿಸಿಲಿಗೆ ಮೊಗ್ಗಿನ ಕಣ್ಣಿನೊಳಗೆ ಗೊನೆ ಮೂಡುತ್ತದೆ, ಅಕ್ಟೋಬರ್ ಚಾಟ್ನಿಯ ಬಳಿಕ ಅದು ಹೊರಬರುತ್ತದೆ. ಫಲ ಕೊಡುವ ಕೊಂಬೆಯನ್ನೇ ತಂದೆಯು ಇನ್ನೂ ಶುದ್ಧಿಮಾಡುತ್ತಾನೆಂಬ ಯೋಹಾನ 15ನೆಯ ಅಧ್ಯಾಯದ ಮಾತು ಇವರಿಗೆ ವಿವರಣೆಯಿಲ್ಲದೆ ತಿಳಿಯುತ್ತದೆ. ಹೊಸ ರೂಢಿಗೆ ಜಾಗ ಬೇಕಾದರೆ ಒಂದು ಹಳೆಯದನ್ನು ಕತ್ತರಿಸಲೇಬೇಕು. ಸಾಮಾನ್ಯವಾಗಿ ಅದು ರಾತ್ರಿಯ ಮೊಬೈಲ್ ಆಗಿರುತ್ತದೆ. ಅದನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಇಟ್ಟು ಬಂದು ಮಲಗಿದರೆ ಅರ್ಧ ಕೆಲಸ ಮುಗಿದಂತೆ.

ಉಪವಾಸದ ವಿಷಯದಲ್ಲಿಯೂ ಅಳತೆ ಇರಲಿ. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ, ಭಾನುವಾರಗಳನ್ನು ಬಿಟ್ಟು, 40 ದಿನಗಳ ತಪಸ್ಸುಕಾಲವು ನಮ್ಮಲ್ಲಿ ಬಿಸಿಲು ಏರುವ ತಿಂಗಳುಗಳಲ್ಲಿಯೇ ಬರುತ್ತದೆ. ಬಿಸಿಲಲ್ಲಿ ದುಡಿಯುವವರು ನೀರು ಬಿಡಬಾರದು. ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳದೆ ಊಟ ಬಿಡಬಾರದು. ವಾರಕ್ಕೆ ಒಂದು ಹೊತ್ತಿನ ಊಟ ಬಿಟ್ಟು, ಆ ಹೊತ್ತಿನ ಜೋಳವನ್ನು ಒಂದು ಡಬ್ಬಿಯಲ್ಲಿ ಕೂಡಿಟ್ಟು ಹಸಿದ ಮನೆಗೆ ಮುಟ್ಟಿಸುವುದು, ಹಸಿದವರಿಗೆ ಅನ್ನ ಹಂಚುವುದೇ ಉಪವಾಸವೆನ್ನುವ ಯೆಶಾಯನ 58ನೆಯ ಅಧ್ಯಾಯಕ್ಕೆ ಹತ್ತಿರವಾದ ಉಪವಾಸ.

ದಿನಗಳು ತಪ್ಪಿದಾಗ

ತಪ್ಪಿಯೇ ತಪ್ಪುತ್ತವೆ, ಮದುವೆ, ಆಸ್ಪತ್ರೆ, ಕಬ್ಬು ಕಡಿಯುವ ಕಾಲ ಇದ್ದೇ ಇವೆ. ಆಗ ಬಾಕಿ ತೀರಿಸಲು ಹೋಗಬೇಡಿ. ನಾಲ್ಕು ದಿನದ ಓದನ್ನು ಒಂದೇ ರಾತ್ರಿ ಮುಗಿಸಲು ಕುಳಿತವರು ಐದನೆಯ ದಿನ ಪುಸ್ತಕ ಮುಟ್ಟುವುದಿಲ್ಲ. ತಾರೀಖು ಬರೆದ ಪಟ್ಟಿಯ ಬದಲು ಪುಟದ ನಡುವೆ ಒಂದು ದಾರವನ್ನು ಇಟ್ಟುಕೊಂಡರೆ, ಎಷ್ಟು ದಿನ ಬಿಟ್ಟಿರೆಂದು ಅದು ಲೆಕ್ಕ ಕೇಳುವುದಿಲ್ಲ. ಮರುದಿನ ಒಲೆಯ ಮುಂದೆ ದಾರವಿದ್ದ ಪುಟದಿಂದಲೇ ಓದಿ.