ಲೆಯೋನ್ ಕ್ಯಾಥೆಡ್ರಲ್‌ಗೆ ಬಿಸಿಲು ನೋಡಿಕೊಂಡು ಹೋಗಿ

ಸ್ಪೇನ್‌ನಲ್ಲಿ ಗೋಥಿಕ್ ಶೈಲಿಯ ಕ್ಯಾಥೆಡ್ರಲ್ (ದೊಡ್ಡ ಚರ್ಚು) ನೋಡಬೇಕು ಅಂದರೆ ಜನ ಸಾಮಾನ್ಯವಾಗಿ ಸೆವಿಲ್ಲೆ, ಬುರ್ಗೋಸ್, ತೊಲೆದೊ ಅಂತ ಹೇಳುತ್ತಾರೆ. ನಾನು ಲೆಯೋನ್‌ಗೆ ಹೋಗಿದ್ದು ಬರೀ ಅಲ್ಲಿನ ಕ್ಯಾಥೆಡ್ರಲ್‌ನ ಬಣ್ಣದ ಗಾಜಿಗಾಗಿ. ಮ್ಯಾಡ್ರಿಡ್‌ನ ಚಾಮಾರ್ತಿನ್ ನಿಲ್ದಾಣದಿಂದ ವೇಗದ ರೈಲು ಹಿಡಿದರೆ ಎರಡು ಗಂಟೆಗೆ ಸ್ವಲ್ಪ ಮೇಲೆ. ಬೆಳಿಗ್ಗೆ ಹೋಗಿ ಸಂಜೆ ವಾಪಸಾಗಬಹುದು, ಆದರೆ ನಾನು ರಾತ್ರಿ ಅಲ್ಲೇ ಉಳಿದೆ. ಗಾಜು ಬೆಳಿಗ್ಗೆ ಒಂದು ಥರ, ಇಳಿಹೊತ್ತಿಗೆ ಇನ್ನೊಂದು ಥರ ಕಾಣುತ್ತದೆ, ಎರಡನ್ನೂ ನೋಡಬೇಕಿತ್ತು.

ಒಳಗೆ ಸುಮಾರು 1,800 ಚದರ ಮೀಟರ್ ಬಣ್ಣದ ಗಾಜಿದೆ. 13ನೇ ಶತಮಾನದ ಕಟ್ಟಡ. ಛಾವಣಿಯ ಭಾರವನ್ನು ಹೊರಗಿನ ಆಸರೆ ಕಮಾನುಗಳಿಗೆ ದಾಟಿಸಿದ್ದರಿಂದ ಗೋಡೆಗೆ ಹೊರುವ ಕೆಲಸ ಕಡಿಮೆ, ಆ ಜಾಗವನ್ನೆಲ್ಲ ಕಿಟಕಿಗೆ ಕೊಟ್ಟಿದ್ದಾರೆ. ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆ ನಾನು ನೇರ ಪೂರ್ವದ ತುದಿಗೆ, ಪೂಜಾವೇದಿಯ ಹಿಂದಿನ ಚಾಪೆಲ್‌ಗಳ (ಚಿಕ್ಕ ಪ್ರಾರ್ಥನಾ ಕೋಣೆಗಳ) ಕಡೆ ನಡೆದೆ. ಎಳೆಬಿಸಿಲು ಮೊದಲು ಬೀಳುವುದು ಅಲ್ಲಿ. ಹೊತ್ತು ಏರಿದಂತೆ ದಕ್ಷಿಣದ ಕೆಂಪು, ಹಳದಿಗಳು ಬೆಳಗುತ್ತವೆ. ನೇರ ಬಿಸಿಲು ಕಾಣದ ಉತ್ತರದ ಸಾಲಿನಲ್ಲಿ ನೀಲಿಯದೇ ಮೇಲುಗೈ. ಆ ಸಾಲಿನಲ್ಲೇ ಬೇಟೆಯ ದೃಶ್ಯಗಳಿರುವ ಕಿಟಕಿಯೊಂದಿದೆ; ಚರ್ಚಿಗೆ ಸಂಬಂಧವಿಲ್ಲದ ಚಿತ್ರ, ಯಾವುದೋ ಅರಮನೆಯಿಂದ ಬಂದಿರಬೇಕು ಎನ್ನುತ್ತಾರೆ. ಪಶ್ಚಿಮದ ಗುಲಾಬಿ ಹೂವಿನಾಕಾರದ ದುಂಡು ಕಿಟಕಿಯನ್ನು ಸಂಜೆಗೆ ಇಟ್ಟುಕೊಳ್ಳಿ. ನಾನು ಹೋದಾಗ ಮಧ್ಯಾಹ್ನ ಕೆಲವು ಗಂಟೆ ಬಾಗಿಲು ಹಾಕುತ್ತಿದ್ದರು, ಆದ್ದರಿಂದ ಸಮಯ ವಿಚಾರಿಸಿಕೊಂಡೇ ಟಿಕೆಟ್ ತೆಗೆಯಿರಿ.

ಬೈನಾಕ್ಯುಲರ್ ಮರೆಯಬೇಡಿ. ಮೇಲಿನ ಸಾಲಿನ ಸಂತರ ಮುಖ ಬರಿಗಣ್ಣಿಗೆ ನಿಲುಕುವುದಿಲ್ಲ, ಮೊಬೈಲ್‌ನಲ್ಲಂತೂ ಬರೀ ಬಣ್ಣದ ಚುಕ್ಕಿಗಳು. ನಾನು ಫೋಟೋ ತೆಗೆಯುವುದನ್ನು ಅರ್ಧದಲ್ಲೇ ಬಿಟ್ಟು ಒಂದು ಬೆಂಚಿನ ಮೇಲೆ ಕೂತೆ.

ಇಷ್ಟು ಗಾಜಿನ ಕಟ್ಟಡ ಇನ್ನೂ ನಿಂತಿದೆಯಲ್ಲ, ನನಗೆ ಅದೇ ದೊಡ್ಡ ವಿಷಯ. ಅಡಿಯಲ್ಲಿರುವುದು ರೋಮನ್ನರ ಸ್ನಾನಗೃಹಗಳ ಅವಶೇಷ, ತಳಪಾಯ ಮೊದಲಿನಿಂದಲೂ ದುರ್ಬಲ. ಕಲ್ಲೂ ಮೆದು. 1631ರಲ್ಲಿ ನಡುಭಾಗದ ಛಾವಣಿ ಕುಸಿಯಿತು. ಅದರ ಜಾಗದಲ್ಲಿ ಕಟ್ಟಿದ ಗುಮ್ಮಟ ಎಷ್ಟು ಭಾರವಾಯಿತೆಂದರೆ 19ನೇ ಶತಮಾನದಲ್ಲಿ ಅದನ್ನು ಕೆಡವಿ, ಕಿಟಕಿಗಳನ್ನು ಕಳಚಿಟ್ಟು, ದಕ್ಷಿಣದ ಮುಖವನ್ನು ಹೊಸದಾಗಿ ಕಟ್ಟಬೇಕಾಯಿತು. ಹುವಾನ್ ದೆ ಮಾದ್ರಾಸೊ ಮತ್ತು ಆಮೇಲೆ ಬಂದ ವಾಸ್ತುಶಿಲ್ಪಿಗಳು ದಶಕಗಟ್ಟಲೆ ದುಡಿದ ಮೇಲೆ 1901ರಲ್ಲಿ ಮತ್ತೆ ಪೂಜೆ ಶುರುವಾಯಿತು. 1966ರ ಮೇ ತಿಂಗಳಲ್ಲಿ ಸಿಡಿಲು ಬಡಿದು ಮರದ ಮಾಡು ಪೂರ್ತಿ ಸುಟ್ಟುಹೋಯಿತು. ಹೆಚ್ಚು ನೀರು ಸುರಿದರೆ ಅದನ್ನು ಹೀರಿದ ಕಲ್ಲಿನ ಕಮಾನುಗಳು ಭಾರ ತಾಳದೆ ಬೀಳುತ್ತವೆಂದು ಬೆಂಕಿ ಆರಿಸುವವರನ್ನು ತಡೆದರಂತೆ. ಕಮಾನುಗಳು ಉಳಿದವು, ಗಾಜೂ ಉಳಿಯಿತು.

ತಳಪಾಯದ ತೊಂದರೆಗೆ ಊರಿನವರ ಬಳಿ ಬೇರೆಯೇ ಕಾರಣವಿದೆ: ಹಗಲು ಕಟ್ಟಿದ್ದನ್ನು ರಾತ್ರಿ ದೊಡ್ಡ ಹೆಗ್ಗಣದಂಥ ಪ್ರಾಣಿಯೊಂದು ಅಗೆದು ಹಾಕುತ್ತಿತ್ತಂತೆ, ಅದನ್ನು ಹೊಡೆದು ಕೊಂದು ಚರ್ಮವನ್ನು ಬಾಗಿಲ ಮೇಲೆ ನೇತುಹಾಕಿದರಂತೆ. ಒಳಗಿನಿಂದ ಪಶ್ಚಿಮ ಬಾಗಿಲಿನ ಮೇಲ್ಗಡೆ ಕತ್ತೆತ್ತಿ ನೋಡಿ, ಆ 'ಚರ್ಮ' ಈಗಲೂ ಇದೆ. ನಿಜಕ್ಕೂ ಅದು ಕಡಲಾಮೆಯ ಚಿಪ್ಪು! ಸಮುದ್ರದಿಂದ ಇಷ್ಟು ದೂರದ ಊರಿಗೆ ಅದನ್ನು ಯಾರು ಹೊತ್ತು ತಂದರೋ.

ಹೊರಬಂದ ಮೇಲೆ ಹತ್ತಿರದಲ್ಲೇ ವಾಸ್ತುಶಿಲ್ಪಿ ಗೌದಿ ಕಟ್ಟಿದ ಕಾಸಾ ಬೋತಿನೆಸ್ ಎಂಬ ಕಟ್ಟಡ ಇದೆ, ಹೊರಗಿನಿಂದ ನೋಡಿದರೂ ಸಾಕು. ಅದಕ್ಕಿಂತ ಸಾನ್ ಇಸಿದೋರೊ ಚರ್ಚಿನ ನೆಲಮಾಳಿಗೆಯಂಥ ರಾಜಸಮಾಧಿಗೆ ಹೋಗಿ. ತಗ್ಗಿನ ಕಮಾನುಗಳ ತುಂಬ 12ನೇ ಶತಮಾನದ ಚಿತ್ರಗಳಿವೆ. ಹೊಟ್ಟೆಗೆ ಬಾರ್ರಿಯೊ ಊಮೆದೊ ಓಣಿಗಳಲ್ಲಿ ಒಂದು ಪಾನೀಯ ತೆಗೆದುಕೊಂಡರೆ ತಿನ್ನಲು ಒಂದು ತಾಪಾ ಜೊತೆಗೇ ಬರುತ್ತದೆ. ಸಸ್ಯಾಹಾರಿಗಳು ಮೊದಲೇ ಕೇಳಿಬಿಡಿ. ತಟ್ಟೆಯಲ್ಲಿ ತೆಳ್ಳಗೆ ಕಡುಗೆಂಪಾಗಿ ಕಾಣುವ ಸೆಸೀನಾ ಅಂದರೆ ಒಣಗಿಸಿದ ದನದ ಮಾಂಸ.